ಆಫ್ ಆಗದೆ ಕಾಯುತ್ತಿದ್ದ ಕಂಪ್ಯೂಟರ್

"ಪ್ಲಗ್ ಕಿತ್ತೋನು ಸಿಕ್ರೆ ಕೊಲೆಗಾರ ಸಿಕ್ಕ ಹಾಗೇ, ಮೇಡಂ."

ರಿಪೇರಿಯವರು ತಲೆಯೆತ್ತದೆ ಹೇಳಿದರು. ಅವರ ಮೇಜಿನ ಮೇಲೆ ತೀರಿಹೋದ ಕೆಮಿಸ್ಟಳ ಕಂಪ್ಯೂಟರು ಒಂದು ಬದಿಯ ತಗಡು ಬಿಚ್ಚಿಸಿಕೊಂಡು ಮಲಗಿತ್ತು. ಪಕ್ಕದ ಅಂಗಡಿಯವನು ಆಗಷ್ಟೇ ಶಟರ್ ಎತ್ತುತ್ತಿದ್ದ.

"ಯಾವ ಪ್ಲಗ್?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ಇದು ತಾನಾಗಿ ಆಫ್ ಆಗಿಲ್ಲ. ಸಂಜೆ ಆರು ನಲವತ್ತೇಳಕ್ಕೆ ಕರೆಂಟು ಕಡಿದುಹೋಗಿದೆ. ಆಗ ಆ ಬೀದೀಲಿ ಕರೆಂಟಿತ್ತು, ವಿಚಾರಿಸ್ದೆ. ಅಂದ್ರೆ ಯಾರೋ ಬೇಕೂಂತಲೇ ಎಳೆದಿದಾರೆ. ಒಳಗಿರೋದು ಯಾರಿಗೂ ಸಿಗಬಾರ್ದು ಅಂತ."

ಇನ್‌ಸ್ಪೆಕ್ಟರಮ್ಮ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ನಾನೇ ಕಿತ್ತಿದ್ದು."

ರಿಪೇರಿಯವರ ಕೈಯಲ್ಲಿದ್ದ ಸ್ಕ್ರೂಡ್ರೈವರು ಅಲ್ಲೇ ನಿಂತಿತು.

ನಗರದ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದ ಹಿರಿಯ ಕೆಮಿಸ್ಟ್, ಎಲ್ಲರ ಬಾಯಲ್ಲೂ ‘ಅಕ್ಕ’, ಹಿಂಬದಿಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದು ಒಂಬತ್ತು ದಿನಗಳ ಹಿಂದೆ. ಕಾಲು ಜಾರಿ ಬಿದ್ದದ್ದು ಎಂದು ಫೈಲಿನಲ್ಲಿ ಬರೆದವರು ಇದೇ ಇನ್‌ಸ್ಪೆಕ್ಟರಮ್ಮ.

ಠಾಣೆಯಲ್ಲಿ ಬೆನ್ನ ಹಿಂದೆ ಅವರನ್ನು ‘ಆತುರಮ್ಮ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು. ಬೇರೆಯವರು ತಿಂಗಳು ಎಳೆಯುವ ಕೇಸನ್ನು ವಾರದಲ್ಲಿ ಮುಗಿಸುವವರು. ಈ ಕೇಸನ್ನಂತೂ ಮೂರೇ ದಿನದಲ್ಲಿ ಮುಗಿಸಿದ್ದರು. ಅಂತ್ಯಕ್ರಿಯೆಯೂ ಆಗಿ, ಇನ್ನು ಕೈ ತೊಳೆದುಕೊಳ್ಳಬೇಕು ಎನ್ನುವಾಗ ಈ ರಿಪೇರಿಯವರು ತಾವಾಗಿ ಠಾಣೆಗೆ ಬಂದು, "ಆ ಅಮ್ಮ ನನ್ನ ಅಂಗಡಿಗೆ ಮೂರು ಸಲ ಬಂದಿದ್ರು. ನನಗೆ ಅನ್ನ ಸೇರ್ತಿಲ್ಲ. ಒಂದ್ಸಲ ಅವರ ಕಂಪ್ಯೂಟರ್ ನೋಡೋಕೆ ಬಿಡಿ" ಎಂದು ಕೈಮುಗಿದಿದ್ದರು.

"ಯಾಕೆ ಕಿತ್ರಿ ಮೇಡಂ?" ಈಗ ಅವರ ದನಿಯಲ್ಲಿ ಆಪಾದನೆ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಕೋಣೆಗೆ ಸೀಲ್ ಹಾಕ್ಬೇಕಿತ್ತು. ಅದು ಆಫ್ ಆಗ್ತಾನೇ ಇತ್ತು, ಆಗ್ತಾನೇ ಇತ್ತು. ‘ಇದು ಆಫ್ ಆಗೋಷ್ಟರಲ್ಲಿ ನಾನು ರಿಟೈರ್ ಆಗ್ತೀನಿ’ ಅಂದೆ. ಜತೆಗಿದ್ದೋರೆಲ್ಲ ನಕ್ರು. ಎಳೆದುಬಿಟ್ಟೆ."

"ಪರದೆ ಮೇಲೆ ಏನಿತ್ತು?"

"ನೀಲಿ ಬಣ್ಣ. ಎರಡು ಸಾಲು ಅಕ್ಷರ. ಕೆಳಗೆ ಒತ್ತೋಕೆ ಎರಡು ಗುಂಡಿ."

"ಏನಂತ ಬರೆದಿತ್ತು?"

"ಓದ್ಲಿಲ್ಲ." ಇನ್‌ಸ್ಪೆಕ್ಟರಮ್ಮ ಕಣ್ಣು ತಗ್ಗಿಸಿದರು. "ಕನ್ನಡಕ ತಲೆ ಮೇಲಿತ್ತು. ಇಳಿಸಿಕೊಳ್ಳೋಕೆ ಎಷ್ಟು ಹೊತ್ತು ಬೇಕು ಹೇಳಿ? ಇಳಿಸ್ಕೊಳ್ಳಲಿಲ್ಲ."

ರಿಪೇರಿಯವರು ಎದ್ದು, ಗೋಡೆಯ ಪಕ್ಕದ ಮರದ ಸ್ಟೂಲನ್ನು ತೋರಿಸಿದರು.

"ಅಲ್ಲೇ ಕೂತಿದ್ರು ಆ ಅಮ್ಮ. ಮೊದಲನೇ ಸಲ ಬಂದಾಗ, ‘ಆಫ್ ಮಾಡಿದ್ರೆ ಇಪ್ಪತ್ತು ನಿಮಿಷ ತಗೊಳ್ಳುತ್ತೆ, ಯಾಕಪ್ಪಾ’ ಅಂದ್ರು. ‘ಹಳೇದಾಯ್ತಲ್ಲಮ್ಮಾ’ ಅಂದೆ. ಎರಡನೇ ಸಲ, ‘ಹೊಸದು ತಗೊಳ್ಳಿ’ ಅಂದೆ. ಮೂರನೇ ಸಲ ಬಂದಾಗ ಕೈತುಂಬ ಕೆಲಸ ಇತ್ತು. ‘ಗುಂಡೀನ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಸತ್ತುಹೋಗುತ್ತೆ’ ಅಂತ ಹೇಳಿ ಕಳಿಸಿದೆ. ‘ಹಾಗೆ ಮಾಡಿದ್ರೆ ಒಳಗಿರೋದಕ್ಕೆ ಪೆಟ್ಟಾಗಲ್ವಾ’ ಅಂತ ಕೇಳಿದ್ರು ಮೇಡಂ. ಅದಕ್ಕೂ ನಾನು ಉತ್ತರ ಕೊಡಲಿಲ್ಲ."

ಅವರು ಮುಖ ಆಚೆ ತಿರುಗಿಸಿ, ಒರೆಸುವ ಬಟ್ಟೆ ಹುಡುಕಿದಂತೆ ಮಾಡಿದರು.

"ನಿಜವಾಗಿ ಯಾಕೆ ತಡ ಆಗುತ್ತೆ?" ಇನ್‌ಸ್ಪೆಕ್ಟರಮ್ಮ ಮೆತ್ತಗೆ ಕೇಳಿದರು. ಆರಾಮಾಗಿ ಕೂತು ಒಬ್ಬರ ಮಾತು ಪೂರ್ತಿ ಕೇಳಿ ಅವರಿಗೆ ಎಷ್ಟು ದಿನವಾಗಿತ್ತೋ.

"ನಾವು ಗುಂಡಿ ಒತ್ತಿ ಕಥೆ ಮುಗೀತು ಅನ್ಕೋತೀವಿ. ಅದಕ್ಕೆ ಅಲ್ಲಿಂದ ಕೆಲಸ ಶುರು. ಒಳಗೆ ಓಡ್ತಿರೋ ಒಂದೊಂದು ಪ್ರೋಗ್ರಾಮಿಗೂ ‘ಬಾಗಿಲು ಹಾಕ್ತಿದೀವಿ, ಕೈಯಲ್ಲಿರೋದು ಮುಗಿಸಿ’ ಅಂತ ಹೇಳಿಕಳಿಸುತ್ತೆ. ಸುಮ್ನೆ ಕೂತಿರೋವು ತಕ್ಷಣ ಎದ್ದುಹೋಗ್ತವೆ. ಯಾವುದೋ ಒಂದು ಬರೀತಿರುತ್ತೆ, ಒಂದು ನಕಲು ಮಾಡ್ತಿರುತ್ತೆ. ಅವು ‘ತಾಳಿ’ ಅಂತವೆ. ಇದು ತಾಳುತ್ತೆ. ಹೊಸ ಅಪ್‌ಡೇಟ್ ಬಂದಿದ್ರೆ ಅದನ್ನ ಕೂರಿಸಬೇಕು. ಡಿಸ್ಕಿಗೆ ಇಳಿಸೋದೆಲ್ಲ ಇಳಿಸಬೇಕು. ಯಾರ ಕೆಲಸಾನೂ ಅರ್ಧಕ್ಕೆ ಬಿಡದೆ ಮಲಗೋಕೆ ಹೊತ್ತು ಬೇಡ್ವಾ? ಎಲ್ಲ ಸರಿ ಇದ್ರೆ ಅರ್ಧ ನಿಮಿಷ, ಒಂದು ನಿಮಿಷ. ಇಪ್ಪತ್ತು ನಿಮಿಷ ಆಗ್ತಿದೆ ಅಂದ್ರೆ, ಒಳಗೆ ಯಾರೋ ‘ತಾಳಿ’ ಅಂತಿದಾರೆ ಅಂತಲೇ ಅರ್ಥ. ಆ ಯಾರೋ ಯಾರು ಅಂತ ನಾನು ನೋಡ್ಬೇಕಿತ್ತು."

"ಈಗ ನೋಡಿದ್ರಾ?"

"ನೋಡ್ದೆ. ಯಾವ ಪ್ರೋಗ್ರಾಮಿನಿಂದ ತಡ ಆಯ್ತು ಅಂತ ಇದು ತನ್ನಷ್ಟಕ್ಕೆ ಬರೆದಿಟ್ಕೊಳ್ಳುತ್ತೆ. ಬನ್ನಿ."

ಪರದೆಯ ಮೇಲೆ ತಾರೀಖು, ಗಂಟೆ, ನಿಮಿಷಗಳ ಪಟ್ಟಿ. ಈ ಸಲ ಇನ್‌ಸ್ಪೆಕ್ಟರಮ್ಮ ಕನ್ನಡಕ ಹಾಕಿಕೊಂಡೇ ಬಗ್ಗಿದರು.

ಮೂರು ವಾರಗಳಿಂದ ಒಂದೇ ಹೆಸರು. ಪ್ರತಿ ಸಂಜೆ ಅಕ್ಕ ಆಫ್ ಮಾಡಲು ಒತ್ತಿದ ಕ್ಷಣಕ್ಕೆ ಎಚ್ಚರಗೊಳ್ಳುವ ಒಂದು ಸಣ್ಣ ಪ್ರೋಗ್ರಾಮು. ಆ ದಿನದ ನೀರಿನ ವರದಿಗಳನ್ನೆಲ್ಲ ಅದೇ ಕಟ್ಟಡದ ಇನ್ನೊಂದು ಯಂತ್ರಕ್ಕೆ ನಕಲು ಮಾಡುವುದು ಅದರ ಕೆಲಸ. ಮುಗಿಯುವವರೆಗೂ ಆಫ್ ಆಗಲು ಬಿಡುತ್ತಿರಲಿಲ್ಲ.

"ಆಫ್ ಮಾಡೋವಾಗಲೇ ಯಾಕೆ?"

"ಆಫ್ ಆಗ್ತಿರೋ ಕಂಪ್ಯೂಟರ್‌ನ ಯಾರು ನೋಡ್ತಾರೆ ಮೇಡಂ? ಎದ್ದು ಚೀಲ ತಗೋತಾರೆ, ಮನೆಗೆ ಹೋಗ್ತಾರೆ. ಆದ್ರೆ ಈ ಅಮ್ಮ ಪೂರ್ತಿ ಆರೋ ತನಕ ಕೂತಿರ್ತಿದ್ರಂತೆ."

ಕೊನೆಯ ದಿನದ ಸಾಲುಗಳು ಬೇರೆಯೇ ಇದ್ದವು. ಐದು ಹನ್ನೆರಡಕ್ಕೆ ಆಫ್ ಮಾಡಲು ಅಪ್ಪಣೆ. ಐದು ಮೂವತ್ತೊಂದಕ್ಕೆ ಆ ಅಪ್ಪಣೆ ರದ್ದು. ಐದು ಐವತ್ತೆರಡಕ್ಕೆ ಮತ್ತೆ ಅಪ್ಪಣೆ. ಅಲ್ಲಿಂದ ಆರು ನಲವತ್ತೇಳರವರೆಗೆ ಏನೂ ಇಲ್ಲ. ಕಾಯುವುದು ಅಷ್ಟೇ.

"ಯಾರಿಗೆ ಕಾಯ್ತಿತ್ತು?"

"ನಿಮಗೆ," ಎಂದುಬಿಟ್ಟು ರಿಪೇರಿಯವರು ನಾಲಿಗೆ ಕಚ್ಚಿಕೊಂಡರು. "ಅಂದ್ರೆ, ಮನುಷ್ಯರು ಯಾರಾದ್ರೂ ಬಂದು ಒತ್ತೋಕೆ. ಯಾರೋ ಒಂದು ಕಾಗದ ಟೈಪ್ ಮಾಡಿ, ಉಳಿಸದೇನೇ ಆಫ್ ಒತ್ತಿ ಹೋಗಿದಾರೆ. ‘ಉಳಿಸದ ಬರಹ ಒಂದಿದೆ. ಆದ್ರೂ ಆಫ್ ಮಾಡ್ಲಾ? ವಾಪಸ್ ಹೋಗ್ಲಾ?’ ಅಂತ ಕೇಳ್ತಾ ನಿಂತಿತ್ತು. ವಾಪಸ್ ಅಂತ ಒತ್ತಿದ್ರೆ ಆ ಕಾಗದ ಪೂರ್ತಿಯಾಗಿ ನಿಮ್ಮ ಕಣ್ಣ ಮುಂದೆ ಬರ್ತಿತ್ತು."

ಇನ್‌ಸ್ಪೆಕ್ಟರಮ್ಮ ಪರದೆಯ ಕಡೆ ಮತ್ತೊಮ್ಮೆ ಬಗ್ಗಿದರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಎಷ್ಟೋ ಸಾಕ್ಷಿಗಳು ಓಡಿಹೋಗಿದ್ದರು, ಸುಳ್ಳು ಹೇಳಿದ್ದರು. ಬಾಯಿ ತೆರೆದು ನಿಂತ ಸಾಕ್ಷಿಯ ಬಾಯನ್ನು ತಾವೇ ಮುಚ್ಚಿಸಿದ್ದು ಇದೇ ಮೊದಲು.

"ಪೂರ್ತಿ ಹೋಯ್ತಾ?"

"ಹತ್ತು ನಿಮಿಷಕ್ಕೊಂದ್ಸಲ ತಾನಾಗೇ ಒಂದು ಪ್ರತಿ ಎತ್ತಿಟ್ಕೊಳ್ಳುತ್ತೆ. ಕೊನೇದು ಕೆಟ್ಟುಹೋಗಿದೆ. ಕರೆಂಟು ಕಡಿದ ಪೆಟ್ಟಿಗೋ ಏನೋ. ಮೊದಲನೇ ಹತ್ತು ನಿಮಿಷದ್ದು ಸಿಕ್ತು. ಐದು ನಲವತ್ತೊಂದರದ್ದು."

ಮೂರೇ ಸಾಲು.

‘ಅಕ್ಕಾ, ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ನಿಮ್ಮ ಕಂಪ್ಯೂಟರ್ ಆಫ್ ಆಗಲು ಯಾಕೆ ತಡವಾಗುತ್ತಿದೆ ಎಂದು ನೀವು ಕೇಳಿದಾಗಲೆಲ್ಲ ಗೊತ್ತಿಲ್ಲ ಎಂದೆ. ನನಗೆ ಗೊತ್ತು. ಅದನ್ನು ಅಲ್ಲಿ ಹಾಕಿದ್ದು’

ಅಷ್ಟಕ್ಕೇ ನಿಂತಿತ್ತು.

ರಿಪೇರಿಯವರು ಗಲ್ಲ ಕೆರೆದುಕೊಂಡರು. "ಅಕ್ಕ ಅಂತಿದೆ. ತಂಗಿ ಒಬ್ರಿದಾರಲ್ವಾ? ಇಬ್ರೂ ಒಂದೇ ಮನೇಲಿ ಇದ್ದೋರು."

"ಎಲ್ಲರೂ ಅವರನ್ನ ಅಕ್ಕ ಅಂತಲೇ ಕರೀತಿದ್ರು. ಆಮೇಲೆ ನೋಡಿ, ‘ನೀವು’ ಅಂತಿದೆ. ತಂಗಿ ಹಾಗನ್ನಲ್ಲ. ಶವದ ಮುಂದೆ ಕೂತು ‘ಏಳೇ, ನನ್ನ ಬಿಟ್ಟು ಹೋಗ್ಬೇಡ್ವೇ’ ಅಂತ ಎದೆ ಬಡಕೊಂಡಿದ್ದನ್ನ ನಾನೇ ನೋಡಿದೀನಿ. ಏಳು ಗಂಟೆಗೆ ಮನೆಗೆ ಫೋನ್ ಮಾಡಿ ಅವಳಿಗೆ ಸುದ್ದಿ ಹೇಳಿದ್ದೂ ನಾನೇ." ಇನ್‌ಸ್ಪೆಕ್ಟರಮ್ಮ ಟೋಪಿ ಎತ್ತಿಕೊಂಡರು. "ಪ್ರಯೋಗಾಲಯದಲ್ಲಿ ಸತ್ತೋರನ್ನ ಬಿಟ್ರೆ ಮೂರೇ ಜನ. ಡೈರೆಕ್ಟರು ಅವರನ್ನ ‘ಮೇಡಂ’ ಅಂತಿದ್ರು. ಅಟೆಂಡರ್ ಮಧ್ಯಾಹ್ನವೇ ರಜಾ ಹಾಕಿ ಹೋಗಿದ್ದ. ಉಳಿದೋಳು ಒಬ್ಬಳು."

* * *

ಕಿರಿಯ ಕೆಮಿಸ್ಟ್ ಮಾದರಿ ಬಾಟಲಿಗಳ ಮುಂದೆ ನಿಂತು ಚೀಟಿ ಅಂಟಿಸುತ್ತಿದ್ದಳು. ಮೂವತ್ನಾಲ್ಕರ ಹೆಂಗಸು. ಬಿಳಿ ಕೋಟಿನ ಜೇಬಿನಲ್ಲಿ ಮಗುವಿನ ಕೆಂಪು ಕ್ಲಿಪ್ಪು ಸಿಕ್ಕಿಕೊಂಡಿತ್ತು. ಕೋಣೆಯ ತುಂಬ ಕ್ಲೋರಿನ್ ವಾಸನೆ. ಮೂಲೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಅಕ್ಕನ ಕುರ್ಚಿಯ ಮೇಲೆ ಖಾಲಿ ಬಾಟಲಿಗಳ ರಟ್ಟಿನ ಪೆಟ್ಟಿಗೆ ಕೂತಿತ್ತು.

ಇನ್‌ಸ್ಪೆಕ್ಟರಮ್ಮ ಆ ಪೆಟ್ಟಿಗೆಯನ್ನು ಎತ್ತಿ ಕೆಳಗಿಟ್ಟು, ಕುರ್ಚಿಯನ್ನು ಅವಳ ಕಡೆ ತಳ್ಳಿದರು.

"ಕೂತ್ಕೊಳ್ಳಿ."

"ಪರವಾಗಿಲ್ಲ ಮೇಡಂ."

"ಅವತ್ತು ಕೂತಿದ್ರಲ್ಲ. ಐದು ಮೂವತ್ತೊಂದಕ್ಕೆ."

ಕೈಯಲ್ಲಿದ್ದ ಚೀಟಿ ಬಾಟಲಿಗೆ ಅಂಟದೆ ಬೆರಳಿಗೆ ಅಂಟಿಕೊಂಡಿತು. ಅವಳು ಅದನ್ನು ಬಿಡಿಸಲು ನೋಡಿದಳು, ಅದು ಇನ್ನೊಂದು ಬೆರಳಿಗೆ ಅಂಟಿತು.

"ನಾನು ಐದಕ್ಕೇ ಸಹಿ ಹಾಕಿ ಹೋಗಿದ್ದೆ. ರಿಜಿಸ್ಟರ್‌ನಲ್ಲಿದೆ."

"ಸಹಿ ಐದಕ್ಕೇ ಹಾಕಿದೀರ, ಇಲ್ಲ ಅನ್ನಲ್ಲ. ಇದನ್ನ ಬರೆದೋರು ಯಾರು?"

ಇನ್‌ಸ್ಪೆಕ್ಟರಮ್ಮ ಮೂರು ಸಾಲಿನ ಕಾಗದವನ್ನು ಮೇಜಿನ ಮೇಲಿಟ್ಟರು. ಗದರಲಿಲ್ಲ. ಗದರುವ ಶಕ್ತಿ ಆ ಹೊತ್ತು ಅವರಲ್ಲಿ ಇರಲೂ ಇಲ್ಲ.

ಕಿರಿಯ ಕೆಮಿಸ್ಟ್ ಓದಿದಳು. ನಿಧಾನವಾಗಿ ಅಕ್ಕನ ಕುರ್ಚಿಯಲ್ಲಿ ಕೂತಳು.

"ಇದು ಹೋಗಿರುತ್ತೆ ಅನ್ಕೊಂಡಿದ್ದೆ," ಎಂದಳು.

"ಹೋಗಿತ್ತು. ನಾನೇ ಕಳೆದಿದ್ದೆ. ಇಷ್ಟು ಮಾತ್ರ ಉಳೀತು. ಉಳಿದಿದ್ದನ್ನ ನೀನೇ ಹೇಳ್ಬೇಕಮ್ಮಾ."

‘ನೀವು’ ಹೋಗಿ ‘ನೀನು’ ಬಂದಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಡೈರೆಕ್ಟರ್ ಸಾರ್ ಒಂದು ಪೆನ್‌ಡ್ರೈವ್ ಕೊಟ್ರು. ‘ವರದಿಗಳಿಗೆ ಒಂದು ಬ್ಯಾಕಪ್ ಪ್ರತಿ ಇರಲಿ, ಅವರಿಗೆ ಹೇಳ್ಬೇಡಿ, ಹಳೇ ಕಾಲದೋರು, ಗಾಬರಿ ಆಗ್ತಾರೆ’ ಅಂದ್ರು. ಅಕ್ಕ ಊಟಕ್ಕೆ ಹೋದಾಗ ಹಾಕಿದೆ. ಎರಡು ನಿಮಿಷದ ಕೆಲಸ."

"ಆಮೇಲೆ?"

"ಎರಡು ವಾರ ಆದ್ಮೇಲೆ ಗೊತ್ತಾಯ್ತು. ಅಕ್ಕ ಸಂಜೆ ಬರೆದಿಟ್ಟ ವರದಿ ಬೆಳಗ್ಗೆ ಸಾರ್ ಕಂಪ್ಯೂಟರಿಂದ ಹೊರಗೆ ಹೋಗೋಷ್ಟರಲ್ಲಿ ಬೇರೆ ಆಗಿರ್ತಿತ್ತು. ಒಂದೇ ಟ್ಯಾಂಕಿಂದು. ಅವರು ‘ಕುಡಿಯೋಕೆ ಯೋಗ್ಯ ಅಲ್ಲ’ ಅಂತ ಬರೆದ್ರೆ, ಹೊರಗೆ ಹೋಗೋದ್ರಲ್ಲಿ ‘ಯೋಗ್ಯ’ ಅಂತ."

"ಹೇಳ್ಲಿಲ್ಲ ಯಾಕೆ?"

"ನನ್ನ ಕೆಲಸ ಖಾಯಂ ಆಗೋ ಕಾಗದ ಸಾರ್ ಮೇಜಿನ ಮೇಲಿತ್ತು." ಅವಳು ಕೆಂಪು ಕ್ಲಿಪ್ಪನ್ನು ಜೇಬಿನಿಂದ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡಳು. "ಅಕ್ಕ ದಿನಾ ಕೇಳೋರು. ‘ಯಾಕೇ ಇದು ಆಫೇ ಆಗಲ್ಲ?’ ‘ಗೊತ್ತಿಲ್ಲಕ್ಕಾ.’ ‘ನೀನು ಓದಿದೋಳು, ನೋಡೇ ಸ್ವಲ್ಪ.’ ನೋಡಿದ ಹಾಗೆ ಮಾಡ್ತಿದ್ದೆ ಮೇಡಂ. ನಾನೇ ಹಾಕಿದ್ದನ್ನ ನಾನೇ ಹುಡುಕಿದ ಹಾಗೆ. ಅವರು ನನಗೆ ಅಂತ ಡಬ್ಬೀಲಿ ಏನಾದ್ರೂ ತಿಂಡಿ ಉಳಿಸಿ ತಿನ್ನಿಸೋರು. ತಿಂತಿದ್ದೆ. ಗಂಟಲಲ್ಲಿ ಇಳೀತಿರ್ಲಿಲ್ಲ, ಆದ್ರೂ ತಿಂತಿದ್ದೆ."

ಇನ್‌ಸ್ಪೆಕ್ಟರಮ್ಮ ಕಾದರು. ಕಾಯುವುದು ಇಷ್ಟು ಕಷ್ಟವೆಂದು ಅವರಿಗೆ ಗೊತ್ತಿರಲಿಲ್ಲ.

"ಅವತ್ತು ಸಂಜೆ?"

"ಸಹಿ ಹಾಕಿ ನಾನಿನ್ನೂ ಇಲ್ಲೇ ಇದ್ದೆ, ಅಕ್ಕನಿಗೆ ಒಂದು ಫೋನ್ ಬಂತು. ಆಫ್ ಒತ್ತಿದ್ರು, ಆದ್ರೆ ಯಾವತ್ತಿನ ಹಾಗೆ ಕೂರಲಿಲ್ಲ. ‘ಹಿಂಬಾಗಿಲಿಗೆ ಯಾರೋ ಬರ್ತಿದಾರೆ, ಬಂದೆ’ ಅಂತ ಹೋದ್ರು. ನಾನು ಬಸ್ ನಿಲ್ದಾಣದ ತನಕ ಹೋದೋಳು ವಾಪಸ್ ಬಂದೆ. ತಡೆಯೋಕಾಗ್ಲಿಲ್ಲ. ಕುರ್ಚಿ ಖಾಲಿ ಇತ್ತು. ಅದು ಇನ್ನೂ ಆಫ್ ಆಗ್ತಾನೇ ಇತ್ತು. ನಿಲ್ಲಿಸ್ದೆ. ಬರೆಯೋಕೆ ಶುರು ಮಾಡ್ದೆ. ಎಲ್ಲ ಬರೆದಿದ್ದೆ ಮೇಡಂ, ಟ್ಯಾಂಕಿನ ನಂಬರು, ತಾರೀಖು, ಎಲ್ಲ. ಕೊನೇಲಿ ‘ಕ್ಷಮಿಸಿ’ ಅಂತ ಬರೀಬೇಕಾದ್ರೆ ಮೆಟ್ಟಿಲ ಕಡೆಯಿಂದ ಸದ್ದು ಬಂತು. ಚೀರಿದ ಹಾಗೆ. ಹೆದರಿಕೇಲಿ ಆಫ್ ಒತ್ತಿ ಓಡ್ದೆ."

"ಮನೆಗಾ?"

"ಮೆಟ್ಟಿಲ ಕಡೆಗೆ."

ಇನ್‌ಸ್ಪೆಕ್ಟರಮ್ಮ ತಲೆಯೆತ್ತಿದರು.

"ಅಕ್ಕ ಬದುಕಿದ್ರು," ಎಂದಳು ಕಿರಿಯ ಕೆಮಿಸ್ಟ್.

ಹೊರಗೆ ಓಣಿಯಲ್ಲಿ ಯಾರೋ ಗಾಜಿನ ಬಾಟಲಿಗಳ ಬುಟ್ಟಿ ಇಳಿಸಿದರು.

"ಮಾತಾಡಿದ್ರಾ?"

"‘ಕಂಪ್ಯೂಟರ್ ಆಫ್ ಮಾಡಿದ್ಯಾ?’ ಅಂದ್ರು. ನಾನು ಅಲ್ಲಿದ್ದೆ ಅಂತ ಹೇಗೆ ಗೊತ್ತಾಯ್ತೋ. ‘ಆಗ್ತಿದೆ ಅಕ್ಕಾ’ ಅಂದೆ. ‘ಬೇಡ. ಹೋಗಿ ನಿಲ್ಲಿಸು. ಪೊಲೀಸ್ನೋರು ಬಂದು ನೋಡೋ ತನಕ ಹಾಗೇ ಇರಲಿ. ಅವರು ನೋಡ್ತಾರೆ’ ಅಂದ್ರು."

ಅವರು ನೋಡ್ತಾರೆ.

ಇನ್‌ಸ್ಪೆಕ್ಟರಮ್ಮ ಮೇಜಿನ ಅಂಚು ಹಿಡಿದುಕೊಂಡರು. ತಮ್ಮನ್ನು ಒಮ್ಮೆಯೂ ಕಂಡಿರದ ಹೆಂಗಸೊಬ್ಬಳು, ಮೆಟ್ಟಿಲ ಬುಡದಲ್ಲಿ ರಕ್ತ ಸುರಿಸುತ್ತ, ತಮ್ಮ ಮೇಲೆ ಇಟ್ಟ ನಂಬಿಕೆ ಅದು. ಪೊಲೀಸರು ಬಂದರು. ನಕ್ಕರು. ವೈರು ಎಳೆದರು.

"ಮತ್ತೆ ನೀನು ಯಾಕೆ ನಿಲ್ಲಿಸ್ಲಿಲ್ಲ? ಆಸ್ಪತ್ರೆಗೆ ಯಾಕೆ ಫೋನ್ ಮಾಡ್ಲಿಲ್ಲ? ಆಸ್ಪತ್ರೆ ಇದೇ ಬೀದೀಲಿದೆ!" ಈಗ ದನಿ ತಾನಾಗಿ ಏರಿತು.

"ನಾನೊಬ್ಬಳೇ ಇರಲಿಲ್ಲ ಮೇಡಂ. ಅಕ್ಕನ ತಲೆ ಅವರ ತಂಗಿ ತೊಡೆ ಮೇಲಿತ್ತು."

ಇನ್‌ಸ್ಪೆಕ್ಟರಮ್ಮನಿಗೆ ಆ ಮಾತು ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಏಳು ಗಂಟೆಗೆ ಫೋನಿನಲ್ಲಿ ಸುದ್ದಿ ಕೇಳಿ, ‘ಅಯ್ಯೋ, ಯಾವಾಗ? ಎಲ್ಲಿ?’ ಎಂದು ಗೋಳಾಡಿದ್ದಳು ಆ ತಂಗಿ. ಆ ಅಳುವಿಗೆ ತಮ್ಮ ಕಣ್ಣೂ ತುಂಬಿಬಂದಿದ್ದು ಅವರಿಗೆ ನೆನಪಿತ್ತು.

"ಅವಳು ಏನಂದಳು?"

"‘ನೀನು ಮನೆಗೆ ಹೋಗಮ್ಮಾ, ಮಗು ಕಾಯ್ತಿರುತ್ತೆ. ನಾನಿದೀನಲ್ಲ, ನಾನು ನೋಡ್ಕೋತೀನಿ. ನೀನು ಇಲ್ಲಿಗೆ ಬಂದಿದ್ದು ಗೊತ್ತಾದ್ರೆ ನಿನ್ನ ಕೆಲಸಕ್ಕೇ ತೊಂದ್ರೆ’ ಅಂದ್ರು. ಸ್ವಂತ ತಂಗಿ ಮೇಡಂ. ನನಗಿಂತ ಅವರೇ ಹತ್ರ ಅಲ್ವಾ? ಆಸ್ಪತ್ರೆಗೆ ಆಗಲೇ ಫೋನ್ ಮಾಡಿದ್ರು. ನಾನು ಬಂದಾಗ ಫೋನ್ ಅವರ ಕಿವೀಲೇ ಇತ್ತು. ಗಾಡಿ ಬರುತ್ತೆ ಅನ್ಕೊಂಡು ಹೋದೆ. ಬೆಳಗ್ಗೆ ನೋಡಿದ್ರೆ, ಅಕ್ಕ ಇಲ್ಲ ಅಂತ..."

"ಆಸ್ಪತ್ರೆಗೆ ಮೊದಲ ಫೋನ್ ಹೋಗಿದ್ದು ಆರು ಹದಿನೈದಕ್ಕೆ," ಇನ್‌ಸ್ಪೆಕ್ಟರಮ್ಮ ಒಂದೊಂದೇ ಮಾತು ಬಿಡಿಸಿ ಹೇಳಿದರು. "ಡೈರೆಕ್ಟರು ಮಾಡಿದ್ದು. ಮೀಟಿಂಗ್ ಮುಗಿಸಿಕೊಂಡು ಬಂದು ಶವ ನೋಡಿ. ಅದಕ್ಕೆ ಮುಂಚೆ ಅಲ್ಲಿಗೆ ಯಾರ ಫೋನೂ ಹೋಗಿಲ್ಲ. ಅವರು ಫೋನ್ ಬರೆದಿಡೋ ಪುಸ್ತಕ ನಾನೇ ತರಿಸಿ ನೋಡಿದೀನಿ."

ಕಿರಿಯ ಕೆಮಿಸ್ಟ್ ಕೆಂಪು ಕ್ಲಿಪ್ಪನ್ನು ಮೇಜಿನ ಮೇಲಿಟ್ಟಳು.

"ಸರಿಯಾಗಿ ನೆನಪು ಮಾಡ್ಕೊಮ್ಮಾ. ಆತುರ ಇಲ್ಲ. ನೀನು ಮೆಟ್ಟಿಲ ಹತ್ರ ಬಂದಾಗ ಫೋನಲ್ಲಿ ಅವಳು ಏನು ಹೇಳ್ತಿದ್ದಳು?"

ಅವಳು ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯ ಕೆಳಗಿನಿಂದಲೇ ನೀರಿಳಿಯಿತು. ಒಂಬತ್ತು ದಿನಗಳಿಂದ ಆ ಮಾತನ್ನು ಒಳ್ಳೆಯ ಅರ್ಥದಲ್ಲೇ ಇಟ್ಟುಕೊಂಡು ಬದುಕಿದ್ದವಳು, ಈಗ ಅದನ್ನು ಬಾಯಿಬಿಟ್ಟು ಹೇಳುತ್ತಲೇ ತಾನೂ ಮೊದಲ ಸಲ ಕೇಳಿಸಿಕೊಂಡಳು.

"‘ಇನ್ನೂ ಉಸಿರಾಡ್ತಿದಾಳೆ’ ಅಂದ್ರು ಮೇಡಂ. ಆಮೇಲೆ ಆ ಕಡೆ ಗಂಡಸಿನ ದನಿ ಏನೋ ಹೇಳ್ತು. ‘ಸರಿ ಹಾಗಾದ್ರೆ, ಕಾಯ್ತೀನಿ’ ಅಂದ್ರು."